ಕಡಿಮೆ ಉಸಿರಿನಲ್ಲಿ ಹೆಚ್ಚು ದಾರಿ

1920ರ ಆಗಸ್ಟ್ 22ರಂದು ಬೆಲ್ಜಿಯಂ ದೇಶದ ಆ್ಯಂಟ್‌ವರ್ಪ್ ನಗರದಲ್ಲಿ ಹವೆ ತಣ್ಣಗಿತ್ತು, ಮಳೆ ಹನಿಯುತ್ತಿತ್ತು. ಒಲಿಂಪಿಕ್ ಮ್ಯಾರಥಾನ್‌ಗೆ ನಿಂತವರ ಸಾಲಿನಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಭಾರತದಿಂದ ತಂಡವೊಂದು ಒಲಿಂಪಿಕ್ಸ್‌ಗೆ ಹೊರಟದ್ದು ಅದೇ ಮೊದಲು. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಈ ಕಥೆ ಕೊನೆಗೆ ತಲುಪುವ ಬೀದರ್ ನಿಜಾಮರ ರಾಜ್ಯದಲ್ಲಿತ್ತು. ಕರ್ನಾಟಕ ಎಂಬುದು ಇನ್ನೂ ಭೂಪಟದಲ್ಲಿ ಇರಲಿಲ್ಲ. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಗುರಿ ಮುಟ್ಟಿ 19ನೆಯವರಾದರು. ಜೊತೆಗೆ ಓಡಿದ ಸದಾಶಿವ ದಾತಾರ್ ಅವರಿಗೆ ಓಟ ಮುಗಿಸಲಾಗಲಿಲ್ಲ.

ಈ ಓಟಗಾರರು ಅಲ್ಲಿಗೆ ಹೋದದ್ದರ ಹಿಂದೆ ಪುಣೆಯ ಡೆಕ್ಕನ್ ಜಿಮ್‌ಖಾನಾ ಇದೆ, ಅದರ ಅಧ್ಯಕ್ಷರಾಗಿದ್ದ ದೊರಾಬ್‌ಜಿ ಟಾಟಾ ಇದ್ದಾರೆ. ಜಿಮ್‌ಖಾನಾದ ಕ್ರೀಡಾಕೂಟಕ್ಕೆ ಬಂದ ಓಟಗಾರರಲ್ಲಿ ಹೆಚ್ಚಿನವರು ರೈತರ ಮಕ್ಕಳು. ಹೊಲದಲ್ಲಿ ದುಡಿದು, ಮನೆಯಲ್ಲಿ ಇದ್ದುದನ್ನು ಉಂಡು ಬಂದ ಹುಡುಗರು. ಕಾಲಿಗೆ ಬೂಟು ಇರಲಿಲ್ಲ, ಯೂರೋಪಿನ ಕ್ರೀಡಾ ನಿಯಮಗಳ ಪರಿಚಯ ಇರಲಿಲ್ಲ, ತರಬೇತಿ ಎಂದರೇನೆಂದು ಹೇಳಿಕೊಟ್ಟವರೂ ಇರಲಿಲ್ಲ. ಆದರೆ ಗಡಿಯಾರ ಹಿಡಿದು ನೋಡಿದಾಗ ಅವರ ಓಟದ ಸಮಯ ಯೂರೋಪಿನವರ ಸಮಯಕ್ಕೆ ಹತ್ತಿರವಿತ್ತು. ಅದನ್ನು ಕಂಡ ಟಾಟಾ ಇವರನ್ನು ಒಲಿಂಪಿಕ್ಸ್‌ಗೆ ಕಳಿಸಲೇಬೇಕೆಂದು ಹಟ ಹಿಡಿದರು, ತಮ್ಮ ಕೈಯಿಂದ ಹಣವನ್ನೂ ಹಾಕಿದರು.

ಚೌಗುಲೆಯವರ 2 ಗಂಟೆ 50 ನಿಮಿಷ ಇಂದಿನ ಕಿವಿಗೆ ನಿಧಾನ ಎನಿಸಬಹುದು. ಹಾಗೆಂದುಕೊಳ್ಳುವ ಮುನ್ನ ಸ್ವಲ್ಪ ಲೆಕ್ಕ ಹಾಕೋಣ. ಮ್ಯಾರಥಾನ್‌ನ ದೂರ 42.195 ಕಿಲೋಮೀಟರ್ ಎಂದು ಕಾಯಂ ಆದದ್ದು 1921ರಲ್ಲಿ. ಆ್ಯಂಟ್‌ವರ್ಪ್‌ನಲ್ಲಿ ಓಡಿಸಿದ್ದು 42.75 ಕಿಲೋಮೀಟರ್. ಒಲಿಂಪಿಕ್ ಇತಿಹಾಸದಲ್ಲಿ ಅದಕ್ಕಿಂತ ಉದ್ದದ ಮ್ಯಾರಥಾನ್ ನಡೆದಿಲ್ಲ. ಆ ದೂರದಿಂದ ಚೌಗುಲೆಯವರ ಸಮಯವನ್ನು ಭಾಗಿಸಿದರೆ ಕಿಲೋಮೀಟರಿಗೆ ಹೆಚ್ಚುಕಡಿಮೆ ಸರಿಯಾಗಿ 4 ನಿಮಿಷ ಬರುತ್ತದೆ. ಅಂದರೆ ಗಂಟೆಗೆ 15 ಕಿಲೋಮೀಟರ್ ವೇಗ, ಅದೂ ಸುಮಾರು ಮೂರು ಗಂಟೆ ಕಾಲ. ಪೊಲೀಸ್ ಭರ್ತಿಗೆಂದು 1600 ಮೀಟರ್ ಓಡಿ ಉಸಿರು ಕಟ್ಟಿದವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಅದೇ ಓಟವನ್ನು ಗೆದ್ದ ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ ಕಿಲೋಮೀಟರಿಗೆ 3 ನಿಮಿಷ 34 ಸೆಕೆಂಡಿನಂತೆ ಓಡಿದ್ದರು. ಇಬ್ಬರ ನಡುವೆ ಕಿಲೋಮೀಟರಿಗೆ ಬರೀ 26 ಸೆಕೆಂಡು.

ಆ 26 ಸೆಕೆಂಡು ಎಲ್ಲಿಂದ ಬಂತು? ಹುಟ್ಟಿನಿಂದಲೋ, ಊಟದಿಂದಲೋ, ತರಬೇತಿಯಿಂದಲೋ? 1920ರಲ್ಲಿ ಇದಕ್ಕೆ ಉತ್ತರ ಹೇಳಬಲ್ಲವರು ಯಾರೂ ಇರಲಿಲ್ಲ. ಓಡುವ ದೇಹದೊಳಗೆ ಏನಾಗುತ್ತದೆಂದು ಅಳೆಯುವ ವಿದ್ಯೆ ಆಗಿನ್ನೂ ಕಣ್ಣು ಬಿಡುತ್ತಿತ್ತು. ಉತ್ತರ ಸಿಗಲು ಎಂಬತ್ತು ವರ್ಷ ಬೇಕಾಯಿತು, ಅದು ಸಿಕ್ಕಿದ್ದು ಇಂಗ್ಲೆಂಡಿನ ಒಬ್ಬ ಹೆಣ್ಣುಮಗಳ ದೇಹದಲ್ಲಿ. ಚೌಗುಲೆ ಓಡಿದ ಅದೇ ಆ್ಯಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಷಾರ್ಲೆಟ್ ರ‍್ಯಾಡ್‌ಕ್ಲಿಫ್ ಎಂಬ ಈಜುಗಾರ್ತಿ ಬ್ರಿಟನ್ನಿನ ರಿಲೇ ತಂಡದಲ್ಲಿ ಬೆಳ್ಳಿ ಪದಕ ಪಡೆದಿದ್ದರು. ಅದೇ ಮನೆತನದಲ್ಲಿ, ಅವರಿಗೆ ಮೊಮ್ಮಗಳ ವರಸೆಯಲ್ಲಿ, 1973ರ ಡಿಸೆಂಬರ್‌ನಲ್ಲಿ ಹುಟ್ಟಿದವರು ಪೌಲಾ ರ‍್ಯಾಡ್‌ಕ್ಲಿಫ್. ಹೆಂಗಸರ ಮ್ಯಾರಥಾನ್‌ನಲ್ಲಿ 2003ರಲ್ಲಿ ಅವರು ಬರೆದ 2 ಗಂಟೆ 15 ನಿಮಿಷ 25 ಸೆಕೆಂಡುಗಳ ದಾಖಲೆ ಹದಿನಾರು ವರ್ಷ ಅಲುಗಲಿಲ್ಲ.

ಪೌಲಾ ಕಥೆಗೆ ಮುಂಚೆ ಆರ್ಚಿಬಾಲ್ಡ್ ವಿವಿಯನ್ ಹಿಲ್ ಅವರ ಬಗ್ಗೆ ಹೇಳಬೇಕು. ಸ್ನಾಯುಗಳಲ್ಲಿ ಶಾಖ ಹೇಗೆ ಹುಟ್ಟುತ್ತದೆ ಎಂಬ ಸಂಶೋಧನೆಗಾಗಿ 1922ರ ನೊಬೆಲ್ ಬಹುಮಾನ ಪಡೆದ ಇಂಗ್ಲಿಷ್ ವಿಜ್ಞಾನಿ ಇವರು, ಸ್ವತಃ ಓಟಗಾರ. ಬಾಯಿಗೆ ಕೊಳವೆ ಕಟ್ಟಿಕೊಂಡು, ಬೆನ್ನ ಮೇಲೆ ಉಸಿರು ತುಂಬಿಕೊಳ್ಳುವ ದೊಡ್ಡ ಚೀಲ ಹೊತ್ತು, ಹುಲ್ಲಿನ ಮೇಲೆ ಸುತ್ತು ಹಾಕುತ್ತ ಅವರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು. ವೇಗ ಹೆಚ್ಚಿದಂತೆ ದೇಹ ಬಳಸುವ ಆಮ್ಲಜನಕವೂ ಹೆಚ್ಚುತ್ತದೆ. ಆದರೆ ಒಂದು ಮಟ್ಟ ಮುಟ್ಟಿದ ಮೇಲೆ ಎಷ್ಟು ಜೋರಾಗಿ ಓಡಿದರೂ ಅದು ಅಲ್ಲಿಗೇ ನಿಲ್ಲುತ್ತದೆ. ಹೃದಯ ಅದಕ್ಕಿಂತ ಹೆಚ್ಚು ರಕ್ತ ತಳ್ಳಲಾರದು. 1923ರಲ್ಲಿ ಹಿಲ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಈ ಗರಿಷ್ಠ ಆಮ್ಲಜನಕ ಬಳಕೆಯ ಮಿತಿಯೇ ಮುಂದೆ ಓಟದ ವಿಜ್ಞಾನಕ್ಕೆ ಅಳತೆಗೋಲಾಯಿತು. ದೇಹದ ತೂಕದ ಪ್ರತಿ ಕಿಲೋಗೆ, ಪ್ರತಿ ನಿಮಿಷಕ್ಕೆ, ಇಷ್ಟು ಮಿಲಿಲೀಟರ್ ಎಂದು ಇದನ್ನು ಹೇಳುತ್ತಾರೆ. ಆಟದ ಅಭ್ಯಾಸವಿಲ್ಲದ ಆರೋಗ್ಯವಂತ ಯುವತಿಗೆ ಇದು 35ರಿಂದ 40, ಯುವಕನಿಗೆ 40ರಿಂದ 45. ಜಗತ್ತಿನ ಮೇಲ್ಮಟ್ಟದ ಗಂಡು ಓಟಗಾರರಲ್ಲಿ 75ರಿಂದ 85.

ಬಹಳ ಕಾಲ ಜನ ಇದನ್ನೇ ಎಲ್ಲ ಎಂದುಕೊಂಡಿದ್ದರು. ಯಾರ ಮಿತಿ ದೊಡ್ಡದೋ ಅವರೇ ದೊಡ್ಡ ಓಟಗಾರರು, ಮಿತಿ ಹುಟ್ಟಿನಿಂದ ಬರುತ್ತದೆ, ಉಳಿದವರು ಕೈಬಿಡಬಹುದು ಎಂಬ ಮಾತು ಕೋಚ್‌ಗಳ ಬಾಯಲ್ಲಿ ಇಂದಿಗೂ ಕೇಳುತ್ತದೆ. ಪೌಲಾ ಅವರ ದೇಹ ಈ ಮಾತನ್ನು ಸುಳ್ಳು ಮಾಡಿತು.

1992ರಲ್ಲಿ, ಹದಿನೆಂಟರ ಹರೆಯದಲ್ಲಿ, ಪೌಲಾ ಅಮೆರಿಕದ ಬಾಸ್ಟನ್‌ನಲ್ಲಿ ಜೂನಿಯರ್ ವಿಶ್ವ ಕ್ರಾಸ್ ಕಂಟ್ರಿ ಗೆದ್ದರು. ಸುಮಾರು ಅದೇ ಹೊತ್ತಿಗೆ ಆ್ಯಂಡ್ರ್ಯೂ ಜೋನ್ಸ್ ಎಂಬ ಶರೀರಶಾಸ್ತ್ರಜ್ಞರು ಅವರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ಅಳತೆ ತೆಗೆದುಕೊಳ್ಳಲು ತೊಡಗಿದರು. ಮುಖಕ್ಕೆ ಮಾಸ್ಕ್ ಹಾಕಿ ಉಸಿರನ್ನು ಪರೀಕ್ಷಿಸುವುದು, ವೇಗವನ್ನು ಹಂತ ಹಂತವಾಗಿ ಏರಿಸುವುದು, ಪ್ರತಿ ಹಂತದಲ್ಲೂ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆಯುವುದು. ಒಂದೇ ದೇಹವನ್ನು 2003ರವರೆಗೆ ಹೀಗೆ ಬೆನ್ನುಬಿಡದೆ ಅಳೆದ ಫಲವನ್ನು ಜೋನ್ಸ್ 2006ರಲ್ಲಿ ಪ್ರಕಟಿಸಿದರು. ಓಟದ ವಿಜ್ಞಾನದಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಲೇಖನ ಇನ್ನೊಂದಿಲ್ಲ.

ಅದರಲ್ಲಿ ಕಂಡದ್ದು ಇದು. ಹದಿನೆಂಟರ ಹುಡುಗಿಯ ಆಮ್ಲಜನಕ ಮಿತಿ ಆಗಲೇ ಸುಮಾರು 70 ಇತ್ತು. ಹನ್ನೊಂದು ವರ್ಷ ಕಳೆದ ಮೇಲೆ, ವಿಶ್ವದಾಖಲೆ ಬರೆದ ವರ್ಷದಲ್ಲಿ, ಅದು ಎಷ್ಟಿತ್ತು? ಸುಮಾರು 70. ಅಷ್ಟು ವರ್ಷಗಳ ದುಡಿಮೆ ಆ ಅಂಕಿಯನ್ನು ಏರಿಸಲೇ ಇಲ್ಲ. ಬದಲಾದದ್ದು ಬೇರೆ. ಗಂಟೆಗೆ 16 ಕಿಲೋಮೀಟರ್ ವೇಗದಲ್ಲಿ ಓಡುವಾಗ 1992ರಲ್ಲಿ ಪೌಲಾಗೆ ಒಂದು ಕಿಲೋಮೀಟರ್ ದಾಟಲು ತೂಕದ ಪ್ರತಿ ಕಿಲೋಗೆ 205 ಮಿಲಿಲೀಟರ್ ಆಮ್ಲಜನಕ ಬೇಕಿತ್ತು. 2003ರ ಹೊತ್ತಿಗೆ ಅದೇ ವೇಗಕ್ಕೆ, ಅದೇ ದೂರಕ್ಕೆ, 175 ಸಾಕಾಯಿತು. ಖರ್ಚು ಶೇಕಡಾ 15ರಷ್ಟು ಇಳಿದಿತ್ತು.

ಬೈಕ್ ಕೊಳ್ಳುವವರು ಎಂಜಿನ್ ಎಷ್ಟು ಸಿಸಿ ಎಂದು ಕೇಳುತ್ತಾರೆ, ಮೈಲೇಜ್ ಎಷ್ಟು ಎಂದೂ ಕೇಳುತ್ತಾರೆ. ಪೌಲಾ ಅವರ ಎಂಜಿನ್ ಮೊದಲಿನದೇ ಉಳಿಯಿತು, ಮೈಲೇಜ್ ಏರಿತು. ಜೋನ್ಸ್ ಕೊಟ್ಟ ಅಂಕಿಗಳಿಂದ ನಾವೇ ಒಂದು ಲೆಕ್ಕ ಮಾಡಬಹುದು. ಕಿಲೋಮೀಟರಿಗೆ 205ರಂತೆ ಗಂಟೆಗೆ 16 ಕಿಲೋಮೀಟರ್ ಓಡಿದರೆ ತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ ಸುಮಾರು 54.7 ಮಿಲಿಲೀಟರ್ ಬೇಕು. ಕಿಲೋಮೀಟರಿಗೆ 175ರಂತೆ ಓಡುವವರು ಇಷ್ಟೇ ಆಮ್ಲಜನಕದಲ್ಲಿ ಗಂಟೆಗೆ 18.7 ಕಿಲೋಮೀಟರ್ ಓಡಬಲ್ಲರು. 2003ರ ಏಪ್ರಿಲ್ 13ರಂದು ಲಂಡನ್ನಿನಲ್ಲಿ ದಾಖಲೆ ಬರೆದಾಗ ಅವರ ಸರಾಸರಿ ವೇಗ ಎಷ್ಟಿತ್ತು? ಗಂಟೆಗೆ 18.7 ಕಿಲೋಮೀಟರ್. ಹದಿನೆಂಟನೆಯ ವಯಸ್ಸಿನ ಉಸಿರೇ ಇಪ್ಪತ್ತೊಂಬತ್ತರಲ್ಲಿ ಅವರನ್ನು ಪ್ರತಿ ಗಂಟೆಗೆ ಎರಡೂವರೆ ಕಿಲೋಮೀಟರಿಗಿಂತ ಹೆಚ್ಚು ಮುಂದೆ ಒಯ್ಯಿತು. ಗಾಳಿಯ ತಡೆ ಮುಂತಾದ ಸಣ್ಣಪುಟ್ಟ ವಿಷಯಗಳನ್ನು ಬದಿಗಿಟ್ಟ ಒರಟು ಲೆಕ್ಕ ಇದು. ಆದರೂ ಎರಡು ಅಂಕಿಗಳು ಹೀಗೆ ಕೂಡಿಬರುವುದನ್ನು ನೋಡಿದಾಗ ಖುಷಿಯಾಗುತ್ತದೆ.

ಉಳಿತಾಯ ಎಲ್ಲಿ ಆಯಿತು? ಮೊದಲು ಸ್ನಾಯುರಜ್ಜುಗಳನ್ನು ನೋಡಿ. ಹಿಮ್ಮಡಿಯ ಮೇಲೆ ಕೈಯಿಟ್ಟರೆ ಸಿಗುವ ದಪ್ಪ ನರದಂಥ ಪಟ್ಟಿ ಇದೆಯಲ್ಲ, ಅದು ಪ್ರತಿ ಹೆಜ್ಜೆಗೂ ಎಳೆದುಕೊಂಡು ಮತ್ತೆ ಚಿಮ್ಮುತ್ತದೆ. ಹಾಗೆ ಚಿಮ್ಮುವಾಗ ಮರಳಿ ಸಿಗುವ ಶಕ್ತಿಗೆ ಆಮ್ಲಜನಕದ ಖರ್ಚಿಲ್ಲ. ಪಟ್ಟಿ ಬಿಗಿಯಾಗಿದ್ದಷ್ಟೂ ಚಿಮ್ಮುವ ಬಲ ಹೆಚ್ಚು. ಪೌಲಾ ಭಾರ ಎತ್ತುವ, ಜಿಗಿಯುವ ಕಸರತ್ತುಗಳನ್ನು ಸೇರಿಸಿಕೊಂಡ ಮೇಲೆ ನಿಂತಲ್ಲಿಂದ ಮೇಲಕ್ಕೆ ಹಾರುವ ಎತ್ತರ 1996ರ 29 ಸೆಂಟಿಮೀಟರಿನಿಂದ 2003ರಲ್ಲಿ 38ಕ್ಕೆ ಏರಿತು. ಇನ್ನೊಂದು ಕಡೆ, ಕುಳಿತು ಕಾಲ ಬೆರಳನ್ನು ಮುಟ್ಟುವ ಪರೀಕ್ಷೆಯಲ್ಲಿ ಅವರು ಹಿಂದೆ ಬಿದ್ದರು. ಮೈ ಬಾಗುವುದು ಕಡಿಮೆಯಾಯಿತು, ಓಟ ಅಗ್ಗವಾಯಿತು. ಓಟಗಾರ ಎಷ್ಟು ಬಾಗಿದರೆ ಅಷ್ಟು ಒಳ್ಳೆಯದು ಎಂದು ಶಾಲೆಗಳಲ್ಲಿ ಹೇಳಿಕೊಡುವುದನ್ನು ಈ ಅಂಕಿಗಳ ಎದುರು ಒಮ್ಮೆ ಪರಿಶೀಲಿಸಬೇಕು.

ಎರಡನೆಯದು ಬರೀ ದೂರ. ಹದಿನೆಂಟರಲ್ಲಿ ಪೌಲಾ ವಾರಕ್ಕೆ 40ರಿಂದ 50 ಕಿಲೋಮೀಟರ್ ಓಡುತ್ತಿದ್ದರು. 2003ರಲ್ಲಿ ಅದು 190ರಿಂದ 250 ಕಿಲೋಮೀಟರ್ ಆಗಿತ್ತು. ಒಂದೇ ವರ್ಷದಲ್ಲಿ ಹಾರಿದ್ದಲ್ಲ, ದಶಕದ ಉದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು. ಇಷ್ಟು ದೂರ ಓಡುವ ಕಾಲಿನ ಸ್ನಾಯುಕೋಶಗಳಲ್ಲಿ ಶಕ್ತಿ ಹುಟ್ಟಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ, ಸುತ್ತಲಿನ ಸೂಕ್ಷ್ಮ ರಕ್ತನಾಳಗಳು ದಟ್ಟವಾಗುತ್ತವೆ, ಬೇಡದ ಚಲನೆಗಳು ತಾವಾಗಿಯೇ ಉದುರಿಹೋಗುತ್ತವೆ. ಪೌಲಾ ಓಡುವಾಗ ತಲೆಯನ್ನು ಮೇಲೆ ಕೆಳಗೆ ಆಡಿಸುವುದನ್ನು ಟಿವಿಯಲ್ಲಿ ಕಂಡವರು ಇದೆಂಥ ಶೈಲಿ ಎಂದು ಮೂಗು ಮುರಿಯುತ್ತಿದ್ದರು. ಕುತ್ತಿಗೆಯ ಕೆಳಗೆ ಮಾತ್ರ ಆ ಓಟಕ್ಕೆ ಸಮನಾದದ್ದು ಇರಲಿಲ್ಲ.

ಬೆರಳ ತುದಿಯ ರಕ್ತದ ಹನಿ ಮೂರನೆಯ ಕಥೆ ಹೇಳುತ್ತದೆ. ಸ್ನಾಯುಗಳು ಸಕ್ಕರೆಯನ್ನು ವೇಗವಾಗಿ ಉರಿಸಿದಾಗ ಲ್ಯಾಕ್ಟೇಟ್ ಹುಟ್ಟುತ್ತದೆ. ಅದು ವಿಷ, ಅದೇ ಕಾಲು ನೋವಿಗೆ ಕಾರಣ ಎಂದು ಹಳೆಯ ಪುಸ್ತಕಗಳಲ್ಲಿ ಓದಿದ್ದೇವೆ. ಅದು ಸರಿಯಲ್ಲ. ಲ್ಯಾಕ್ಟೇಟ್ ಒಳ್ಳೆಯ ಇಂಧನ, ಹೃದಯವೂ ಬೇರೆ ಸ್ನಾಯುಗಳೂ ಅದನ್ನು ಎತ್ತಿಕೊಂಡು ಉರಿಸುತ್ತವೆ. ಹುಟ್ಟುವ ವೇಗ ಬಳಕೆಯ ವೇಗವನ್ನು ಮೀರಿ ರಕ್ತದಲ್ಲಿ ಅದು ಏರತೊಡಗಿದರೆ, ಈ ವೇಗ ಬಹಳ ಹೊತ್ತು ನಡೆಯದು ಎಂಬುದಕ್ಕೆ ಅದೇ ಸೂಚನೆ. ಪೌಲಾ ಅವರಲ್ಲಿ ಲ್ಯಾಕ್ಟೇಟ್ ಥಟ್ಟನೆ ಏರುವ ವೇಗ ಮೊದಲು ಗಂಟೆಗೆ ಸುಮಾರು 16 ಕಿಲೋಮೀಟರ್ ಆಸುಪಾಸಿನಲ್ಲಿತ್ತು, ಕೊನೆಗೆ 20ರ ಹತ್ತಿರಕ್ಕೆ ಸರಿಯಿತು. ಲಂಡನ್ನಿನ 18.7 ಆ ಗೆರೆಯ ಕೆಳಗೇ ಇತ್ತು. ಆದ್ದರಿಂದಲೇ ಓಟದ ಮೊದಲ ಅರ್ಧ 68 ನಿಮಿಷ 2 ಸೆಕೆಂಡು, ಎರಡನೆಯ ಅರ್ಧ 67 ನಿಮಿಷ 23 ಸೆಕೆಂಡು. ದಣಿದ ಕಾಲಿನಲ್ಲಿ ಇನ್ನೂ ಜೋರಾಗಿ ಓಡಿದರು. ಎರಡನೆಯವರಾಗಿ ಬಂದ ಕೆನ್ಯಾದ ಕ್ಯಾಥರೀನ್ ಎನ್‌ಡೆರೆಬಾ ನಾಲ್ಕೂವರೆ ನಿಮಿಷ ಹಿಂದಿದ್ದರು. ಇದೇ ವೇಗದಲ್ಲಿ ಆ್ಯಂಟ್‌ವರ್ಪ್‌ನ ಆ ಉದ್ದದ ದಾರಿಯಲ್ಲಿ ಓಡಿದ್ದರೆ ಪೌಲಾ 1920ರ ಚಿನ್ನದ ಪದಕದವರಿಗಿಂತ ಹದಿನೈದು ನಿಮಿಷ ಮೊದಲು ಬಂದಿರುತ್ತಿದ್ದರು. ಹೆಂಗಸರಿಗೆ ಒಲಿಂಪಿಕ್ ಮ್ಯಾರಥಾನ್ ಓಡುವ ಅವಕಾಶ ಸಿಕ್ಕಿದ್ದೇ 1984ರಲ್ಲಿ ಎಂಬುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು.

ಈ ದಾರಿಯಲ್ಲಿ ಸೋಲುಗಳೂ ಇದ್ದವು. 1999ರ ವಿಶ್ವ ಕೂಟದಲ್ಲಿ 10,000 ಮೀಟರಿನಲ್ಲಿ ಬೆಳ್ಳಿ ಬಂತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಓಟವನ್ನು ಮುಂದೆ ನಿಂತು ನಡೆಸಿದ ಪೌಲಾ ಕೊನೆಯಲ್ಲಿ ನಾಲ್ಕನೆಯವರಾದರು. ಕೊನೆಯ ಸುತ್ತಿನಲ್ಲಿ ಮಿಂಚಿನಂತೆ ಓಡುವ ಶಕ್ತಿ ಅವರಲ್ಲಿರಲಿಲ್ಲ. ತಮ್ಮ ದೇಹದ ಗುಣಕ್ಕೆ ಒಪ್ಪುವ ದೂರ ಮ್ಯಾರಥಾನ್ ಎಂದು ಅರಿತು 2002ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಓಡಿ ಗೆದ್ದರು. ಅದೇ ವರ್ಷ ಷಿಕಾಗೋದಲ್ಲಿ 2 ಗಂಟೆ 17 ನಿಮಿಷ 18 ಸೆಕೆಂಡಿನ ವಿಶ್ವದಾಖಲೆ. ಆರು ತಿಂಗಳಲ್ಲಿ ಅದನ್ನೂ ಸುಮಾರು ಎರಡು ನಿಮಿಷ ಇಳಿಸಿದರು.

ಇನ್ನು ಸೆಕೆ. ಓಡುವಾಗ ಸ್ನಾಯುಗಳು ಉರಿಸುವ ಶಕ್ತಿಯಲ್ಲಿ ಐದರಲ್ಲಿ ಒಂದು ಪಾಲು, ಹೆಚ್ಚೆಂದರೆ ನಾಲ್ಕರಲ್ಲಿ ಒಂದು ಪಾಲು, ಚಲನೆಗೆ ಹೋಗುತ್ತದೆ. ಉಳಿದದ್ದೆಲ್ಲ ಶಾಖ. ಒಂದು ಕಿಲೋ ತೂಕ ಒಂದು ಕಿಲೋಮೀಟರ್ ಓಡಲು ಸುಮಾರು ಒಂದು ಕಿಲೋಕ್ಯಾಲರಿ ಬೇಕು ಎಂಬ ಲೆಕ್ಕದಂತೆ 54 ಕಿಲೋ ತೂಕದ ಓಟಗಾರ್ತಿ ಮ್ಯಾರಥಾನ್ ಒಂದರಲ್ಲಿ 2,200 ಕಿಲೋಕ್ಯಾಲರಿಗಿಂತ ಹೆಚ್ಚು ಉರಿಸುತ್ತಾರೆ. ಆ ಶಾಖವನ್ನು ಹೊರಹಾಕುವ ಮುಖ್ಯ ದಾರಿ ಬೆವರು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಬೆವರಲು ಚರ್ಮಕ್ಕೆ ರಕ್ತ ಬೇಕು, ಓಡಲು ಕಾಲಿಗೆ ರಕ್ತ ಬೇಕು, ಹೃದಯ ಒಂದೇ. ಬಿಸಿಲಿನಲ್ಲಿ ವೇಗ ಇಳಿಯುವುದು ಛಲದ ಕೊರತೆಯಿಂದಲ್ಲ, ಈ ಹಂಚಿಕೆಯಿಂದ.

2004ರ ಆಗಸ್ಟ್ 22ರಂದು, ಚೌಗುಲೆ ಓಡಿ ಸರಿಯಾಗಿ 84 ವರ್ಷ ತುಂಬಿದ ದಿನ, ಅಥೆನ್ಸ್ ಒಲಿಂಪಿಕ್ಸ್‌ನ ಹೆಂಗಸರ ಮ್ಯಾರಥಾನ್ ನಡೆಯಿತು. ಸಂಜೆ ಆರಕ್ಕೆ ಓಟ ಶುರುವಾದಾಗಲೂ ತಾಪಮಾನ 35 ಡಿಗ್ರಿಯ ಆಸುಪಾಸಿನಲ್ಲಿತ್ತು, ದಾರಿ ಗುಡ್ಡ ಏರುತ್ತಿತ್ತು. ಕೆಲವು ದಿನ ಮೊದಲು ಕಾಲಿಗೆ ಪೆಟ್ಟಾಗಿ ನೋವಿನ ಮಾತ್ರೆ ನುಂಗಿದ್ದ ಪೌಲಾ ಅವರ ಹೊಟ್ಟೆ ಕೆಟ್ಟು, ಉಂಡದ್ದು ಮೈಗೆ ಹತ್ತಿರಲಿಲ್ಲ. ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಸಂಗ್ರಹವಾಗಿರುವ ಸಕ್ಕರೆ ತುಂಬಿದ ದೇಹದಲ್ಲೂ ಸುಮಾರು 2,000 ಕಿಲೋಕ್ಯಾಲರಿಯಷ್ಟೇ, ಮೂವತ್ತು ಮೂವತ್ತೈದು ಕಿಲೋಮೀಟರ್ ಹೊತ್ತಿಗೆ ಅದು ತಳ ಕಾಣುತ್ತದೆ. ತುಂಬದೆ ಓಡಿದರೆ ಕೇಳಬೇಕೆ? 36 ಕಿಲೋಮೀಟರ್ ಹತ್ತಿರ ಅವರು ರಸ್ತೆ ಬದಿಗೆ ಕುಸಿದು ಅತ್ತರು. ಬ್ರಿಟನ್ನಿನ ಪತ್ರಿಕೆಗಳಲ್ಲಿ ಕೆಲವರು ಆಕೆ ಕೈಚೆಲ್ಲಿದಳು ಎಂದು ಬರೆದರು. ಶರೀರಶಾಸ್ತ್ರದ ಎರಡು ಪುಟ ಓದಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಅದೇ ನವೆಂಬರಿನಲ್ಲಿ ಪೌಲಾ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು, ಮರುವರ್ಷ ಹೆಲ್ಸಿಂಕಿಯಲ್ಲಿ ವಿಶ್ವ ಚಾಂಪಿಯನ್ ಆದರು. 2007ರಲ್ಲಿ, ಮಗಳು ಹುಟ್ಟಿದ ಹತ್ತು ತಿಂಗಳಲ್ಲಿ, ನ್ಯೂಯಾರ್ಕನ್ನು ಮತ್ತೆ ಗೆದ್ದರು.

ಈ ಅಧ್ಯಾಯ ಬರೆಯುವಾಗ ನನ್ನ ಕಣ್ಣಮುಂದಿರುವುದು ಲಂಡನ್ ಅಲ್ಲ, ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಚಿಂತಾಕಿ. ಸೂರ್ಯ ಹುಟ್ಟುವ ಮುಂಚೆ ಅಲ್ಲಿನ ರಸ್ತೆಯಲ್ಲಿ ಹುಡುಗರು ಓಡುತ್ತಾರೆ. ಮನೆಯಲ್ಲಿ ಕೇಳಿದರೆ “ಪೋರ ರನ್ನಿಂಗಿಗಿ ಹೋಗ್ಯಾನ್ರಿ” ಎನ್ನುತ್ತಾರೆ. ಪೊಲೀಸ್, ಮಿಲಿಟರಿ ಭರ್ತಿಯ ಕನಸು ಅದು. ಬೀದರಿನಿಂದ ಔರಾದಿಗೆ ರಸ್ತೆಯ ಮೇಲೆ ನಲವತ್ತು ಕಿಲೋಮೀಟರಿನ ಆಸುಪಾಸು, ಅಂದರೆ ಹೆಚ್ಚುಕಡಿಮೆ ಒಂದು ಮ್ಯಾರಥಾನ್. ಬಸ್ಸಿನಲ್ಲಿ ಕುಳಿತು ಆ ದಾರಿಯನ್ನು ನೋಡಿದವರಿಗೆ ಚೌಗುಲೆ ಏನು ಮಾಡಿದರೆಂದು ತಿಳಿಯುತ್ತದೆ.

ಈ ನೆಲಕ್ಕೆ ಒಂದು ಭಾಗ್ಯವಿದೆ, ಅದನ್ನು ನಾವು ಗಮನಿಸಿಲ್ಲ. ದೂರದ ಓಟಕ್ಕೆ ಹೇಳಿಮಾಡಿಸಿದ ತಾಪಮಾನ ಸುಮಾರು 7ರಿಂದ 12 ಡಿಗ್ರಿ. ಬೇಸಿಗೆಯಲ್ಲಿ ಬೀದರ್ ಜಿಲ್ಲೆ 40 ಡಿಗ್ರಿ ದಾಟಿ ಕಾಯುತ್ತದೆ, ನಿಜ. ಆದರೆ ಡಿಸೆಂಬರ್, ಜನವರಿಯ ನಸುಕಿನಲ್ಲಿ ರಾಜ್ಯದಲ್ಲೇ ಹೆಚ್ಚು ಥಂಡಿ ಬೀಳುವ ಜಾಗಗಳಲ್ಲಿ ಬೀದರ್ ಒಂದು. ಪೌಲಾ ಅಭ್ಯಾಸಕ್ಕೆ ಪಿರನೀಸ್ ಪರ್ವತದ ಫಾಂಟ್ ರೋಮ್ಯೂಗೆ ಹೋಗುತ್ತಿದ್ದರು, ಸಮುದ್ರಮಟ್ಟದಿಂದ ಸುಮಾರು 1,850 ಮೀಟರ್ ಎತ್ತರಕ್ಕೆ. ತೆಳು ಗಾಳಿಯಲ್ಲಿ ದೇಹ ಹೆಚ್ಚು ಕೆಂಪು ರಕ್ತಕಣಗಳನ್ನು ಮಾಡಿಕೊಳ್ಳುತ್ತದೆ. ಬೀದರಿನ ಎತ್ತರ ಅದಕ್ಕೆ ಸಾಲದು. ಅದರ ಚಳಿಗಾಲದ ನಸುಕು ಮಾತ್ರ ಯಾವ ದೊಡ್ಡ ಮ್ಯಾರಥಾನ್ ನಗರಕ್ಕೂ ಕಡಿಮೆಯಲ್ಲ. ಡಾಂಬರು ರಸ್ತೆಗಿಂತ ಹೊಲದ ಬದಿಯ ಮಣ್ಣಿನ ದಾರಿ ಮೊಣಕಾಲಿಗೆ ಹಿತ. ಮಳೆಗಾಲದಲ್ಲಿ ಎರೆ ಮಣ್ಣು ಕಾಲಿಗೆ ಮೆತ್ತುವಾಗ ಮಾತ್ರ ಬೇರೆ ದಾರಿ ನೋಡಬೇಕು.

ಆದರೆ ಆ ನಸುಕಿನ ರಸ್ತೆಯಲ್ಲಿ ಹುಡುಗಿಯರು ಕಾಣುವುದು ಬಹಳ ಕಡಿಮೆ. ಅದಕ್ಕೆ ಸಮಾಜ ಕೊಡುವ ಕಾರಣಗಳು ನಮಗೆಲ್ಲ ಗೊತ್ತು. ವಿಜ್ಞಾನ ತೋರಿಸುವ ಕಾರಣ ರಕ್ತದಲ್ಲಿದೆ.

ಪೌಲಾ ಹದಿಹರೆಯದಲ್ಲಿ ರಕ್ತಹೀನತೆಯಿಂದ ಬಳಲಿದವರು, ಅದರ ಜೊತೆಗೆ ಓಡಿದಾಗ ಏರುವ ಆಸ್ತಮಾ ಬೇರೆ. ಎರಡಕ್ಕೂ ಚಿಕಿತ್ಸೆ ಸಿಕ್ಕಿತು, ಓಟ ಮುಂದುವರಿಯಿತು. ಚಿಂತಾಕಿಯ ಹುಡುಗಿಗೆ ಅದು ಸಿಗುವುದೇ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಇದರ ಅರ್ಥವೇನೆಂದು ಓಟದ ಲೆಕ್ಕದಲ್ಲಿ ನೋಡೋಣ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. ಜೋರಾಗಿ ಓಡುವಾಗ ಹುಡುಗಿಯ ಹೃದಯ ನಿಮಿಷಕ್ಕೆ 15 ಲೀಟರ್ ರಕ್ತ ತಳ್ಳುತ್ತದೆ ಎಂದುಕೊಳ್ಳಿ. 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 13 ಗ್ರಾಂ ಇದ್ದರೆ ಆ ರಕ್ತ 2.6 ಲೀಟರ್ ಆಮ್ಲಜನಕ ಒಯ್ಯುತ್ತದೆ. 9 ಇದ್ದರೆ 1.8 ಲೀಟರ್. ಮೂರರಲ್ಲಿ ಒಂದು ಪಾಲಿನಷ್ಟು ಉಸಿರು ಓಟ ಶುರುವಾಗುವ ಮೊದಲೇ ಹೋಯಿತು. ಪೌಲಾ ಹನ್ನೊಂದು ವರ್ಷ ದುಡಿದು ಉಳಿಸಿದ್ದು ಶೇಕಡಾ 15. ಈ ಹುಡುಗಿ ಏನೂ ತಪ್ಪು ಮಾಡದೆ ಅದರ ಎರಡರಷ್ಟು ಕಳೆದುಕೊಂಡಿರುತ್ತಾಳೆ. ಅವಳು ಎರಡನೆಯ ಸುತ್ತಿಗೆ ನಿಂತುಬಿಟ್ಟರೆ ಸೋಮಾರಿ ಎಂದು ಬೈಯುವುದು ಅನ್ಯಾಯ.

ರಕ್ತದ ಮಾತು ಬಂದಾಗ ಇನ್ನೊಂದನ್ನು ಬಿಡುವಂತಿಲ್ಲ. ಕೆಂಪು ಕಣಗಳನ್ನು ಅಕ್ರಮವಾಗಿ ಹೆಚ್ಚಿಸುವ ಇಪಿಒ ಎಂಬ ಮದ್ದು ಆ ಕಾಲದ ಓಟಗಳಿಗೆ ಅಂಟಿದ ರೋಗವಾಗಿತ್ತು. 2001ರಲ್ಲಿ ಎಡ್ಮಂಟನ್ ವಿಶ್ವ ಕೂಟದ ಗ್ಯಾಲರಿಯಲ್ಲಿ ಇಪಿಒ ಮೋಸಗಾರರು ಹೊರಹೋಗಲಿ ಎಂಬ ಫಲಕ ಹಿಡಿದು ಕುಳಿತವರು ಇದೇ ಪೌಲಾ. 2015ರಲ್ಲಿ ಅವರ ರಕ್ತದ ಹಳೆಯ ಅಂಕಿಗಳ ಮೇಲೆಯೇ ಅನುಮಾನ ಎದ್ದಿತು. ಎತ್ತರದ ಜಾಗದಲ್ಲಿ ಅಭ್ಯಾಸ ಮಾಡಿ ಬಂದಾಗ, ಬಿಸಿಲಲ್ಲಿ ಓಡಿ ನೀರು ಕಳೆದುಕೊಂಡಾಗ, ರಕ್ತ ದಪ್ಪವಾಗಿ ಅಂಕಿಗಳು ತಾವಾಗಿಯೇ ಏರುತ್ತವೆ. ಬ್ರಿಟನ್ನಿನ ಉದ್ದೀಪನ ಮದ್ದು ತಡೆ ಸಂಸ್ಥೆ ಅವರು ತಪ್ಪು ಮಾಡಿದ್ದಕ್ಕೆ ಆಧಾರವಿಲ್ಲ ಎಂದು ಅದೇ ವರ್ಷ ಹೇಳಿತು.

ಪೌಲಾ ಅವರ ದಾಖಲೆ ಮುರಿದದ್ದು 2019ರ ಅಕ್ಟೋಬರ್ 13ರಂದು. ಕೆನ್ಯಾದ ಬ್ರಿಜಿಡ್ ಕೊಸ್‌ಗೀ ಷಿಕಾಗೋದಲ್ಲಿ 2 ಗಂಟೆ 14 ನಿಮಿಷ 4 ಸೆಕೆಂಡುಗಳಲ್ಲಿ ಓಡಿದರು. ಅವರ ಕಾಲಲ್ಲಿ ಕಾರ್ಬನ್ ಪಟ್ಟಿ ಕೂರಿಸಿದ ಹೊಸ ಮಾದರಿಯ ಬೂಟಿತ್ತು. ಅಂಥ ಬೂಟಿನ ಮೊದಲ ಮಾದರಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಓಟದ ಆಮ್ಲಜನಕ ಖರ್ಚು ಸರಾಸರಿ ಶೇಕಡಾ 4ರಷ್ಟು ಇಳಿದಿತ್ತು. ಬೂಟು ಮಾಡುವವರಿಗೂ ಪೌಲಾ ದೇಹದ ಪಾಠ ಅರ್ಥವಾಗಿತ್ತು. ಹಣ ಕೊಟ್ಟು ಕೊಳ್ಳುವ ಉಳಿತಾಯ ಅದು, ಆ ಬೂಟಿನ ಒಂದು ಜೋಡಿಯ ಬೆಲೆಗೆ ಹಳ್ಳಿಯ ಮನೆಯೊಂದರ ತಿಂಗಳ ಸಂತೆ ನಡೆಯುತ್ತದೆ. ಅದಿಲ್ಲದೆಯೂ ದೂರ ಹೋಗಬಹುದು. ಬರಿಗಾಲಿನ ಓಟಕ್ಕೆ ಹೆಸರಾದ ಬಿಹಾರದ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷದಲ್ಲಿ ಮ್ಯಾರಥಾನ್ ಮುಗಿಸಿದ್ದರು. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಯಾವ ಭಾರತೀಯನೂ ಅದನ್ನು ದಾಟಲಿಲ್ಲ.

ಈಗ ಆ್ಯಂಟ್‌ವರ್ಪ್‌ನ 26 ಸೆಕೆಂಡಿನ ಪ್ರಶ್ನೆಗೆ ನನ್ನ ಉತ್ತರ ಹೇಳುತ್ತೇನೆ. ಚೌಗುಲೆಯವರ ಎಂಜಿನ್ ಸಣ್ಣದಿತ್ತು ಎಂದು ನಾನು ನಂಬುವುದಿಲ್ಲ. ವರ್ಷಗಳ ತರಬೇತಿಯಿಲ್ಲದೆ ಗಂಟೆಗೆ 15 ಕಿಲೋಮೀಟರಿನಂತೆ ಸುಮಾರು ಮೂರು ಗಂಟೆ ಓಡುವ ದೇಹದಲ್ಲಿ ಕೊರತೆ ಹುಡುಕುವುದು ಕಷ್ಟ. ಕೊಲೆಹ್ಮೈನೆನ್ 1912ರಲ್ಲೇ ಒಲಿಂಪಿಕ್ ಚಿನ್ನ ಗೆದ್ದು, ವರ್ಷಗಟ್ಟಲೆ ಪೈಪೋಟಿಯಲ್ಲಿ ಪಳಗಿ ಬಂದಿದ್ದರು. ನಮ್ಮವರಿಗೆ ಸಿಗದೆ ಹೋದದ್ದು ಆ ವರ್ಷಗಳು.

ಆದ್ದರಿಂದ ಚಿಂತಾಕಿ, ಔರಾದ್, ಭಾಲ್ಕಿಯ ದೈಹಿಕ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಓಡುವ ಮಗುವಿನ ಹೆಸರಿನಲ್ಲಿ ಒಂದು ನೋಟ್‌ಬುಕ್ ಇಡಿ. ವಾರಕ್ಕೆ ಎಷ್ಟು ದೂರ ಓಡಿತು, 1600 ಮೀಟರಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆಯಿರಿ. ದೂರವನ್ನು ನಿಧಾನಕ್ಕೆ ಏರಿಸಿ, ಒಂದು ಭರ್ತಿ ಪರೀಕ್ಷೆಗಾಗಿ ಒಂದೇ ತಿಂಗಳಲ್ಲಿ ಕಾಲು ಮುರಿಯುವಂತೆ ಓಡಿಸಬೇಡಿ. ವರ್ಷಕ್ಕೆ ಎರಡು ಸಲವಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ. ಹನ್ನೆರಡು ವರ್ಷ ದಾಟಿದ ಹುಡುಗಿಗೆ ಅದು 12ಕ್ಕಿಂತ ಕಡಿಮೆ ಇದ್ದರೆ ಮೊದಲು ಚಿಕಿತ್ಸೆ, ಆಮೇಲೆ ಸ್ಟಾಪ್‌ವಾಚ್. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ನುಂಗಿದ್ದನ್ನು ಕಣ್ಣಾರೆ ನೋಡಿ. ತಾಯಂದಿರಿಗೂ ಹೇಳಿ: ಜೋಳದ ರೊಟ್ಟಿ, ಬೇಳೆ, ಪುಂಡಿ ಪಲ್ಯದ ಊಟಕ್ಕೆ ಒಂದು ನಿಂಬೆಹೋಳು ಹಿಂಡಿದರೆ ಅದರಲ್ಲಿರುವ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ಹತ್ತುವುದು ಕಡಿಮೆಯಾಗುತ್ತದೆ. ಆ ನೋಟ್‌ಬುಕ್ಕನ್ನು ಹೈಸ್ಕೂಲಿಗೆ ಹೋಗುವ ಮಗುವಿನ ಜೊತೆಗೇ ಕಳಿಸಿ, ಅಲ್ಲಿನ ಶಿಕ್ಷಕರು ಮುಂದಿನ ಪುಟ ಬರೆಯಲಿ. ಮೊದಲ ಹೆಸರು ಒಬ್ಬ ಹುಡುಗಿಯದಾಗಿರಲಿ.